ಒಂದೇ ಪಂಕ್ತಿಯ ಪ್ರಸಾದ: ನವದಂಪತಿಗಳ ಮನೆಯಡುಗೆ ಮತ್ತು ಆರೋಗ್ಯ

ಮುದ್ದೇಬಿಹಾಳ ತಾಲೂಕಿನ ತಂಗಡಗಿಯು ಕೃಷ್ಣೆಯ ದಡದ ಪುಣ್ಯಕ್ಷೇತ್ರ. ಬಸವಣ್ಣನವರ ಧರ್ಮಪತ್ನಿ ನೀಲಾಂಬಿಕೆ ತಾಯಿಯವರು ಲಿಂಗೈಕ್ಯರಾದ ಸ್ಥಳವೆಂದು ಶರಣ ಪರಂಪರೆಯು ಇದನ್ನು ಗೌರವಿಸುತ್ತ ಬಂದಿದೆ. ಹಡಪದ ಅಪ್ಪಣ್ಣನವರ ಪೀಠವೂ ಇಲ್ಲಿಯೇ ಇದೆ. ಅಪ್ಪಣ್ಣನವರು ವಚನಕಾರರು, ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಅನುಭಾವದಲ್ಲಿ ಪತಿಗೊಂದು ಮೆಟ್ಟಿಲು, ಸತಿಗೊಂದು ಮೆಟ್ಟಿಲು ಎಂಬ ಭೇದವನ್ನು ಶರಣರು ಒಪ್ಪಲಿಲ್ಲ ಎಂಬುದಕ್ಕೆ ಈ ಮಣ್ಣು ಸಾಕ್ಷಿ. ಆದರೆ ನಮ್ಮ ಮನೆಗಳ ಊಟದ ತಟ್ಟೆಯಲ್ಲಿ ಆ ಸಮಾನತೆ ಉಳಿದಿದೆಯೇ? ಹೊಸದಾಗಿ ಸಂಸಾರ ಹೂಡಿದವರ ಅಡುಗೆಮನೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಆರೋಗ್ಯದ ದೃಷ್ಟಿಯಿಂದ ಈ ಸಲ ವಿಚಾರಿಸೋಣ.

ಕೊನೆಯ ತಟ್ಟೆ ಯಾರದು?

ನಮ್ಮ ಭಾಗದ ಅನೇಕ ಮನೆಗಳಲ್ಲಿ ಹೊಸ ಸೊಸೆಯು ಎಲ್ಲರಿಗೂ ಬಡಿಸಿದ ಮೇಲೆ ಕೊನೆಗೆ ಊಟಕ್ಕೆ ಕೂಡುವುದು ವಾಡಿಕೆ. ಬಿಸಿ ರೊಟ್ಟಿ, ಕಾಳಿನ ಪಲ್ಯ, ಕೆನೆಮೊಸರು ಮೊದಲ ಪಂಕ್ತಿಯಲ್ಲಿಯೇ ಮುಗಿದಿರುತ್ತವೆ. ಅವಳ ಪಾಲಿಗೆ ಉಳಿಯುವುದು ಆರಿದ ರೊಟ್ಟಿ, ಒಂದಿಷ್ಟು ಹಿಂಡಿ, ತಳದ ಸಾರು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ರೂಢಿಯೆಂದು ನಡೆದುಹೋಗುತ್ತದೆ. ಆದರೆ ದೇಹವು ರೂಢಿಯನ್ನು ಅರಿಯದು. ಅದು ತನಗೆ ದೊರೆತುದನ್ನಷ್ಟೇ ಅರಿಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಸೂಚಿಸಿದ ಪ್ರಮಾಣದಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಮುಟ್ಟಾಗುವ ವಯಸ್ಸಿನ ಸ್ತ್ರೀಗೆ 29 ಮಿಲಿಗ್ರಾಂ ಬೇಕು. ಪುರುಷನಿಗಿಂತ ಒಂದೂವರೆ ಪಟ್ಟು ಬೇಕಾದವಳ ತಟ್ಟೆಗೆ ಅವನಿಗಿಂತ ಕಡಿಮೆ ಬೀಳುತ್ತಿದೆ. ಇದರ ಫಲವನ್ನು ಅಂಕಿಗಳು ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಜನರಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿಯೂ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳಿಗೆ ಈ ತೊಂದರೆಯಿದೆ.

ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವು ಗರ್ಭಿಣಿಯಲ್ಲದ ಸ್ತ್ರೀಗೆ 12 ಗ್ರಾಂಗಿಂತ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಮೆಟ್ಟಿಲೇರಿದರೆ ಏದುಸಿರು, ಸದಾ ಆಯಾಸ, ತಲೆಸುತ್ತು, ಕೂದಲುದುರುವಿಕೆ, ಕೆಲಸದಲ್ಲಿ ನಿರುತ್ಸಾಹ ಇದರ ಲಕ್ಷಣಗಳು. 'ಸೊಸೆ ಮೈಗಳ್ಳಿ' ಎಂಬ ದೂರಿನ ಹಿಂದೆ ಎಷ್ಟೋ ಸಲ ರಕ್ತದ ಕೊರತೆ ಅಡಗಿರುತ್ತದೆ ಎಂಬುದನ್ನು ಹಿರಿಯರು ಗಮನಿಸಬೇಕು. ಈ ಸ್ಥಿತಿಯಲ್ಲಿ ಅವಳು ಬಸುರಿಯಾದರೆ ಹೆರಿಗೆಯ ಅಪಾಯ ಹೆಚ್ಚುತ್ತದೆ. ಕೂಸು ಕಡಿಮೆ ತೂಕದಲ್ಲಿ ಹುಟ್ಟುವ ಸಂಭವವೂ ಹೆಚ್ಚುತ್ತದೆ.

ಇಬ್ಬರಿಗೂ ಇಷ್ಟಲಿಂಗ, ಇಬ್ಬರದೂ ಪ್ರಸಾದ

ಲಿಂಗಾಯತ ಧರ್ಮದಲ್ಲಿ ಉಂಡುದೆಲ್ಲ ಬರಿಯ ಊಟವಲ್ಲ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ್ದು ಪ್ರಸಾದ. ಪತಿಯ ಎದೆಯ ಮೇಲಿರುವಂತೆ ಸತಿಯ ಎದೆಯ ಮೇಲೂ ಇಷ್ಟಲಿಂಗವಿದೆ. ಅವಳ ತಟ್ಟೆಗೆ ಉಳಿದುದನ್ನು ಮಾತ್ರ ಇಡುವುದೆಂದರೆ ಅವಳ ಲಿಂಗಕ್ಕೆ ಉಳಿದುದನ್ನು ಅರ್ಪಿಸಿದಂತಾಗುವುದಿಲ್ಲವೇ? ಆದುದರಿಂದ ನವದಂಪತಿಗಳು ಮೊದಲ ದಿನದಿಂದಲೇ ಕನಿಷ್ಠ ಒಂದು ಹೊತ್ತಾದರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ನೇಮವನ್ನು ಹಿಡಿಯಬೇಕು. ಕೂಡುಕುಟುಂಬವಾದರೆ ಅತ್ತೆಯವರೇ 'ನೀನೂ ಕೂಡವ್ವ, ಬೇಕಾದವರು ಬಡಿಸಿಕೊಳ್ಳುತ್ತಾರೆ' ಎಂದು ಕರೆಯಲಿ. ಆ ಒಂದು ಮಾತು ಹಲವು ಔಷಧಗಳಿಗಿಂತ ಮಿಗಿಲು. ಹೊಲದಿಂದಲೋ ಊರಿನಿಂದಲೋ ಯಾರಾದರೂ ತಡವಾಗಿ ಬರುವುದಾದರೆ ಅವರಿಗೆ ತೆಗೆದಿಡುವಂತೆ, ಸೊಸೆಯ ಪಾಲಿನ ಪಲ್ಯವನ್ನೂ ಮೊದಲೇ ತೆಗೆದಿಡುವುದು ಯೋಗ್ಯ.

ನಮ್ಮ ಮಣ್ಣಿನ ಊಟವೇ ಸಾಕು

ಪೌಷ್ಟಿಕ ಆಹಾರವೆಂದರೆ ದುಬಾರಿ ಡಬ್ಬಿಯ ಪುಡಿ ಎಂದು ಎಳೆಯರು ಭ್ರಮಿಸಬಾರದು. ಮುದ್ದೇಬಿಹಾಳ, ಬಸವನಬಾಗೇವಾಡಿ, ಸಿಂದಗಿ, ಇಂಡಿಯ ನೆಲದಲ್ಲಿ ಬೆಳೆಯುವುದೇ ಸಾಕಷ್ಟಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರಿನಂಶವಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ತೊಗರಿ, ಹೆಸರು, ಮಡಕಿಕಾಳುಗಳಲ್ಲಿ ಅದು ಹೇರಳ. ರೊಟ್ಟಿಯ ಜೊತೆಗೆ ಬೇಳೆ ಅಥವಾ ಕಾಳು ಇದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಗೆ ಕಾಳುಪಲ್ಯ ಬಡಿಸುತ್ತಿದ್ದ ನಮ್ಮ ಅಜ್ಜಿಯರ ಪದ್ಧತಿ ಎಷ್ಟು ವಿವೇಕದ್ದೆಂಬುದು ಇದರಿಂದ ತಿಳಿಯುತ್ತದೆ. ಚಳಿಗಾಲದ ಸಜ್ಜಿ ರೊಟ್ಟಿಯಲ್ಲಿ ಕಬ್ಬಿಣಾಂಶವು ಜೋಳಕ್ಕಿಂತ ಹೆಚ್ಚು. ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿಗಳು ಪ್ರೋಟೀನನ್ನೂ ಒಳ್ಳೆಯ ಕೊಬ್ಬನ್ನೂ ಕೊಡುತ್ತವೆ.

ಆದರೆ ಒಂದು ಸಂಗತಿಯನ್ನು ಅರಿಯಬೇಕು. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಸಸ್ಯಾಹಾರಿಗಳಾದ ನಾವು ಇದಕ್ಕೆ ನಾಲ್ಕು ಉಪಾಯಗಳನ್ನು ಮಾಡಬಹುದು:

1. ಊಟದ ಜೊತೆಗೆ 'ಸಿ' ಜೀವಸತ್ವ ಇರಬೇಕು. ಇಂಡಿ ಭಾಗವು ನಿಂಬೆಗೆ ಹೆಸರಾದುದು. ಬೇಳೆ, ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಬೇಕು. ಕುದಿಸಿದರೆ ಆ ಸತ್ವ ನಾಶವಾಗುತ್ತದೆ. ಹಸಿಯಾಗಿ ತಿನ್ನುವ ಹಕ್ಕರಿಕಿ, ಮೆಂತ್ಯೆ, ಉಳ್ಳಾಗಡ್ಡಿ, ಪೇರಲಹಣ್ಣು ಕೂಡ ಉತ್ತಮ.

2. ಊಟವಾದ ಕೂಡಲೇ ಚಹಾ ಕುಡಿಯಬಾರದು. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ತಾಸಿನ ಅಂತರವಿರಲಿ.

3. ಕಾಳುಗಳನ್ನು ರಾತ್ರಿ ನೆನೆಹಾಕಿ ಮೊಳಕೆ ಬರಿಸಬೇಕು. ಕಬ್ಬಿಣಾಂಶವನ್ನು ತಡೆಯುವ ಫೈಟೇಟ್ ಎಂಬ ಅಂಶ ಇದರಿಂದ ಕಡಿಮೆಯಾಗುತ್ತದೆ.

4. ಪುಂಡಿಪಲ್ಯದಂಥ ಹುಳಿಯ ಅಡುಗೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಾತ್ರೆಯ ಕಬ್ಬಿಣವು ಸ್ವಲ್ಪಮಟ್ಟಿಗೆ ಆಹಾರಕ್ಕೆ ಇಳಿಯುತ್ತದೆ. ಅಡುಗೆಯನ್ನು ಅದರಲ್ಲಿಯೇ ಬಿಡದೆ ಬೇರೆ ಪಾತ್ರೆಗೆ ತೆಗೆದಿಡಬೇಕು.

ಇನ್ನು ಬಿ-12 ಜೀವಸತ್ವವು ಸಸ್ಯಗಳಿಂದ ದೊರೆಯದು. ನಮಗೆ ಹಾಲು, ಮೊಸರುಗಳೇ ಅದರ ಆಸರೆ. ನೀರುಮಜ್ಜಿಗೆಯಿಂದ ಮಾತ್ರ ಅದು ಪೂರೈಸುವುದಿಲ್ಲ. ಹೈನಿರುವ ಮನೆಯಲ್ಲಿ ಹಾಲೆಲ್ಲವನ್ನೂ ಡೇರಿಗೆ ಹಾಕಿ ಮನೆಮಂದಿ ಕರಿಚಹಾ ಕುಡಿಯುವುದು ಲಾಭವಲ್ಲ, ನಷ್ಟ.

ಅಳತೆಯ ಸಂಸಾರ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಪ್ರಸಂಗವನ್ನು ಎಲ್ಲರೂ ಬಲ್ಲಿರಿ. ಮನೆಗೆ ಎಷ್ಟು ಬೇಕೆಂಬುದನ್ನು ಅರಿತ ಗೃಹಿಣಿಯ ವಿವೇಕವದು. ಇಂದಿನ ದಂಪತಿಗಳೂ ತಿಂಗಳ ಸಂತೆಯ ಪಟ್ಟಿಯನ್ನು ಇಬ್ಬರೂ ಕುಳಿತು ಬರೆಯಬೇಕು.

ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಸುಮಾರು 85 ಗ್ರಾಂ ಬೇಳೆಕಾಳು, 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರನ್ನು ಪೋಷಣ ಸಂಸ್ಥೆಯು ಸೂಚಿಸಿದೆ. ಇದರಂತೆ ಇಬ್ಬರಿಗೆ ತಿಂಗಳಿಗೆ ಸುಮಾರು ಐದು ಕಿಲೋ ಬೇಳೆಕಾಳು ಬೇಕಾಗುತ್ತದೆ. ಎಣ್ಣೆಯು ಇಬ್ಬರಿಗೂ ಕೂಡಿ ತಿಂಗಳಿಗೆ ಎರಡು ಲೀಟರ್ ಮೀರಬಾರದು. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಮಿತಿ. ಎಂದರೆ ಒಂದು ಕಿಲೋ ಪೊಟ್ಟಣವು ಇಬ್ಬರಿಗೆ ಮೂರು ತಿಂಗಳಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕಲುಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಹೊಸದರ ಉತ್ಸಾಹದಲ್ಲಿ ಸಂಜೆಗೊಮ್ಮೆ ಮಿರ್ಚಿ-ಭಜಿ, ವಾರಕ್ಕೆರಡು ಸಲ ಖಾನಾವಳಿ ಎಂದು ನಡೆದರೆ ಕಾಳಿನ ಹಣ ಎಣ್ಣೆಗೆ ಹೋಗುತ್ತದೆ. ಆಸೆಯನ್ನು ಪೂರ್ತಿ ಅದುಮಬೇಕಾಗಿಲ್ಲ. ಹಬ್ಬಕ್ಕೆ ಹೋಳಿಗೆ, ಅಪರೂಪಕ್ಕೆ ಭಜಿ ಇರಲಿ.

ಅಡುಗೆಯೂ ಕಾಯಕವೇ

ಹಿಂಗಾರಿಯ ರಾಶಿಯ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಹೊಲದಿಂದ ದಣಿದು ಬರುತ್ತಾರೆ. ಒಬ್ಬರು ಕಟ್ಟೆಯ ಮೇಲೆ ಕೂಡುವುದು, ಒಬ್ಬರು ಒಲೆಯ ಮುಂದೆ ಕೂಡುವುದು ನ್ಯಾಯವೇ? ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ಸಾರಿದ ಧರ್ಮ ನಮ್ಮದು. ರೊಟ್ಟಿ ಬಡಿಯಲು ಬಾರದಿದ್ದರೂ ಸೊಪ್ಪು ಸೋಸುವುದು, ಕಾಳು ನೆನೆಹಾಕುವುದು, ಅನ್ನಕ್ಕಿಡುವುದು, ಪಾತ್ರೆ ತೊಳೆಯುವುದು ಯಾವ ತರುಣನಿಗೂ ಅಸಾಧ್ಯವಲ್ಲ. ಕೆಲಸವನ್ನು ಹಂಚಿಕೊಂಡ ಮನೆಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಉಣ್ಣಲು ಸಾಧ್ಯವಾಗುತ್ತದೆ.

ತಾಯ್ತನಕ್ಕೆ ಮುನ್ನ

ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ ಕೂಸಿನ ಮೆದುಳು ಮತ್ತು ಬೆನ್ನುಹುರಿಯ ನಾಳವು ರೂಪುಗೊಂಡು ಮುಚ್ಚಿಕೊಳ್ಳುತ್ತದೆ. ಬಸುರಿಯೆಂದು ತಿಳಿಯುವ ಮುನ್ನವೇ ಈ ಕೆಲಸ ಮುಗಿದಿರುತ್ತದೆ. ಇದಕ್ಕೆ ಫೋಲಿಕ್ ಆಮ್ಲ ಅತ್ಯವಶ್ಯ. ಸೊಪ್ಪು, ಕಾಳುಗಳಲ್ಲಿ ಅದರ ಮೂಲವಸ್ತು ಇದೆಯಾದರೂ, ಮಗುವನ್ನು ಬಯಸುವ ದಂಪತಿಗಳು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಬಗೆಗೆ ಕೇಳಬೇಕು. ಅದೇ ವೇಳೆಗೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ರಕ್ತ ತೀರ ಕಡಿಮೆಯಿದ್ದರೆ ಊಟವೊಂದರಿಂದಲೇ ಸರಿಹೋಗದು, ಚಿಕಿತ್ಸೆ ಬೇಕು. ಕಬ್ಬಿಣದ ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ ಎಂಬ ಮಾತು ಕೇವಲ ಮೂಢನಂಬಿಕೆ. ಮಾತ್ರೆಯಿಂದ ಮಲ ಕಪ್ಪಾಗಬಹುದು, ಅದರಿಂದ ಹೆದರಬೇಕಾಗಿಲ್ಲ.

ನೆನಪಿಡಬೇಕಾದುದು

ದಿನಕ್ಕೊಂದು ಹೊತ್ತಾದರೂ ಸಹಪಂಕ್ತಿ, ರೊಟ್ಟಿಯೊಡನೆ ಕಾಳು, ಸೊಪ್ಪು, ನಿಂಬೆ, ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರ, ಉಪ್ಪು-ಎಣ್ಣೆಗೆ ಅಳತೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಇವು ಕಷ್ಟದ ವ್ರತಗಳಲ್ಲ.

ನೀಲಾಂಬಿಕೆ ತಾಯಿಯ ಸನ್ನಿಧಿಗೆ ಬಂದು ತಲೆಬಾಗುವ ದಂಪತಿಗಳು ಅಲ್ಲಿಂದ ಮನೆಗೆ ಮರಳಿದ ರಾತ್ರಿ ಎರಡು ತಟ್ಟೆಗಳನ್ನು ಒಟ್ಟಿಗೆ ಇಡಲಿ. ಎರಡರಲ್ಲಿಯೂ ಒಂದೇ ಬಗೆಯ ಪ್ರಸಾದವಿರಲಿ. ಆ ಮನೆಯಲ್ಲಿ ಹುಟ್ಟುವ ಕೂಸಿನ ಆರೋಗ್ಯವು ಅಂದಿನಿಂದಲೇ ಆರಂಭವಾಗುತ್ತದೆ.