ಜಾಲತಾಣದ ಸ್ನೇಹವೂ ನಮ್ಮ ಹೆಣ್ಣುಮಕ್ಕಳೂ

ಸ್ನೇಹವೆಂದರೇನೆಂದು ನಮ್ಮ ವಿದ್ಯಾರ್ಥಿನಿಯರನ್ನು ಕೇಳಿದರೆ ಬಹುಮಂದಿ ದಾವೀದ ಯೋನಾತಾನರ ಕಥೆಯನ್ನು ಹೇಳುವರು. ಅರಸನಾದ ಸೌಲನು ದಾವೀದನನ್ನು ಕೊಲ್ಲಬೇಕೆಂದಿದ್ದಾಗ, ಆ ಅರಸನ ಮಗನಾದ ಯೋನಾತಾನನೇ ಹೊಲದಲ್ಲಿ ಬಾಣಗಳನ್ನೆಸೆದು ಗೆಳೆಯನಿಗೆ ಅಪಾಯದ ಸೂಚನೆ ಕೊಟ್ಟನು. ಅದೇ ಮಕ್ಕಳ ಕೈಯಲ್ಲಿ ಈಗ ಮೊಬೈಲ್ ಇರುವುದು; ಅದರಲ್ಲಿ 'ಫ್ರೆಂಡ್' ಎಂಬ ಹೆಸರಿನವರು ನೂರಾರು ಮಂದಿ. ಈ ಎರಡು ಬಗೆಯ ಸ್ನೇಹಗಳ ಅಂತರವನ್ನು ಕುರಿತು ಪೂರ್ವ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ನಾಲ್ಕು ಮಾತು ಬರೆಯಬಯಸುತ್ತೇವೆ.

ಜಾಲತಾಣಗಳಿಂದ ಉಪಕಾರವೇ ಇಲ್ಲವೆನ್ನಲಾಗದು. ಆಳಂದ, ಅಫಜಲಪುರ, ಜೇವರ್ಗಿಗಳಿಂದ ದುಡಿಮೆಗಾಗಿ ಮುಂಬಯಿ ಪುಣೆಗಳಿಗೆ ಹೋದ ತಂದೆಯ ಮುಖವನ್ನು ಮಗಳು ವಾಟ್ಸ್‌ಆ್ಯಪ್‌ನಲ್ಲಿ ಕಾಣುವಳು. ಮದುವೆಯಾಗಿ ಸೋಲಾಪುರಕ್ಕೆ ಹೋದ ಗೆಳತಿಯ ಸುಖದುಃಖ ತಿಳಿಯುವುದು. ಮೊದಲೇ ಬೇರೂರಿದ ಸ್ನೇಹಕ್ಕೆ ಈ ಸಾಧನವು ನೀರೆರೆಯುವುದು.

ಆದರೆ ಮನಸ್ಸಿನ ಶಕ್ತಿಗೆ ಮಿತಿಯುಂಟು. ಮನುಷ್ಯನು ಸುಮಾರು 150 ಸಂಬಂಧಗಳನ್ನು ಮಾತ್ರ ಉಳಿಸಿಕೊಳ್ಳಬಲ್ಲನೆಂದೂ, ಅವರಲ್ಲಿ ತೀರ ಹತ್ತಿರದವರು ಐದು ಮಂದಿ ಇರಬಹುದೆಂದೂ ರಾಬಿನ್ ಡನ್ಬರ್ ಎಂಬ ವಿದ್ವಾಂಸರು 1990ರ ದಶಕದಿಂದೀಚೆಗೆ ಪ್ರತಿಪಾದಿಸಿದರು. ಈ ಸಂಖ್ಯೆಯನ್ನು ಕುರಿತು ವಾದಗಳಿದ್ದರೂ ಅದರ ಅರ್ಥವು ಅನುಭವಕ್ಕೆ ಒಪ್ಪುವಂಥದು. ಇನ್ನು ಮನುಷ್ಯನು ತನ್ನನ್ನು ಪರರೊಡನೆ ಹೋಲಿಸಿಯೇ ಅಳೆದುಕೊಳ್ಳುವನೆಂದು ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಬರೆದರು. ಫೇಸ್‌ಬುಕ್ 2009ರಲ್ಲಿ 'ಲೈಕ್' ಗುಂಡಿಯನ್ನು ತಂದಮೇಲೆ ಈ ಅಳತೆಗೆ ಅಂಕಿಯೇ ಸಿಕ್ಕಿತು. ಬಾಲಕಿಯು ತನ್ನ ನಿತ್ಯದ ಬಾಳನ್ನು ಇನ್ನೊಬ್ಬಳು ಆರಿಸಿ ಹಾಕಿದ ಹಬ್ಬದ ದಿನದ ಚಿತ್ರದೊಡನೆ ಹೋಲಿಸಿ ಕುಗ್ಗುವಳು.

ಎದುರಿಗೆ ಮುಖ ಕಾಣದಿದ್ದಾಗ ಜನರು ಸಂಕೋಚವನ್ನು ಬಿಟ್ಟು ಮನಸ್ಸನ್ನು ಬಿಚ್ಚುವರೆಂಬುದನ್ನು ಜಾನ್ ಸೂಲರ್ 2004ರಲ್ಲಿ ವಿವರಿಸಿದರು. ವಂಚಕರು ಇದನ್ನು ಚೆನ್ನಾಗಿ ಬಲ್ಲರು. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಕಷ್ಟವನ್ನು ಮೆಚ್ಚಿ ಕೇಳಿದ ಅಪರಿಚಿತನಿಗೆ ತನ್ನ ಚಿತ್ರವನ್ನು ಕಳುಹಿಸಿದ್ದಳು. ಅವನು ಅದನ್ನು ಊರಿಗೆಲ್ಲ ತೋರಿಸುವೆನೆಂದು ಬೆದರಿಸತೊಡಗಿದನು. ಮೂರು ವಾರ ಅವಳು ಸರಿಯಾಗಿ ಉಣ್ಣಲಿಲ್ಲ. ಮನೆಯಲ್ಲೇಕೆ ಹೇಳಲಿಲ್ಲವೆಂದು ಕೇಳಿದಾಗ, "ಸಾಲಿ ಬಿಡಿಸಿ ಲಗ್ನ ಮಾಡ್ತಾರ್ರೀ, ಟೀಚರ್" ಎಂದಳು.

ಆ ಉತ್ತರವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ವಂಚಕನ ಬಲವು ಚಿತ್ರದಲ್ಲಿರಲಿಲ್ಲ, ಮನೆಯ ಭಯದಲ್ಲಿತ್ತು. ಫೋನನ್ನು ಕಸಿದುಕೊಳ್ಳುವುದರಿಂದ ಮಕ್ಕಳು ಮರೆಮಾಚುವುದನ್ನು ಕಲಿಯುವರೇ ಹೊರತು ವಿವೇಕವನ್ನಲ್ಲ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಕಾಯಿದೆಯಂತೆ ಅಪರಾಧವೂ ಹೌದು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮಗಳು ಶಾಲೆಯ ಗೆಳತಿಯರ ವಿಷಯವನ್ನು ಹೇಳುವಂತೆ ಜಾಲತಾಣದ ಗೆಳೆತನವನ್ನೂ ಹೇಳುವ ಸಲುಗೆ ಮನೆಯಲ್ಲಿರಲಿ. ಕಾಣದವನು ಗುಟ್ಟನ್ನೋ ಚಿತ್ರವನ್ನೋ ಹಣವನ್ನೋ ಕೇಳಿದರೆ ಅದು ಸ್ನೇಹವಲ್ಲವೆಂದು ಮೊದಲೇ ತಿಳಿಸಿರಿ. ಬೆದರಿಕೆ ಬಂದರೆ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ಪೊಲೀಸರಿಗೂ, 1098 ಎಂಬ ಮಕ್ಕಳ ಸಹಾಯವಾಣಿಗೂ ತಿಳಿಸತಕ್ಕದ್ದು.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ಮಗಳು ನಡುಗುತ್ತ ತನ್ನ ತಪ್ಪನ್ನು ಹೇಳಬಂದಾಗ ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು, "ಹೇಳಿದ್ದು ಛಲೋ ಆತವ್ವಾ" ಎಂಬುದಾಗಿರಲಿ. ಅಪಾಯದಲ್ಲಿ ಕೈಬಿಡದಿದ್ದ ಯೋನಾತಾನನನ್ನು ಅವಳು ಮೊದಲು ತನ್ನ ಮನೆಯಲ್ಲಿಯೇ ಕಾಣಲಿ.