ಹತ್ತನೇ ತರಗತಿ ನಂತರ ಸಿವಿಲ್ ಇಂಜಿನಿಯರಿಂಗ್ : ಕಡಿಮೆ ಖರ್ಚಿನ ದಾರಿ ಯಾವುದು?



ರಸ್ತೆ, ಸೇತುವೆ, ಕೆರೆ ಏರಿ, ಕಾಲುವೆ, ನಾವು ಕೂತಿರುವ ಈ ಶಾಲೆಯ ಕಟ್ಟಡ, ಇವೆಲ್ಲ ಸಿವಿಲ್ ಇಂಜಿನಿಯರಿಂಗ್ ವಿದ್ಯೆಗೆ ಸೇರಿದವು. ನಮ್ಮಪ್ಪ ಗಾರೆ ಕೆಲಸ ಮಾಡ್ತಾರೆ. ನಮ್ಮಕ್ಕ ಈಗ ಹತ್ತನೇ ತರಗತಿ. ಅವಳಿಗೆ ಈ ವಿದ್ಯೆ ಕಲಿಯಬೇಕು ಅಂತ ಬಹಳ ಆಸೆ. ಸಾಲ ಮಾತ್ರ ಮಾಡಬಾರದು ಅಂತ ಅಮ್ಮ ಹೇಳಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇದೆಯಲ್ಲ. ನಮ್ಮ ಹಾಸಿಗೆ ಎಷ್ಟಿದೆ ಅಂತ ಅಕ್ಕ, ನಾನು ಕೂತು ಲೆಕ್ಕ ಹಾಕಿದೆವು. ನಿಮಗೂ ಉಪಯೋಗವಾಗಲಿ ಎಂದು ಬರೆದಿದ್ದೇನೆ.

ದಾರಿಗಳು ಎರಡು:

1. ಪಿ.ಯು.ಸಿ. ವಿಜ್ಞಾನ 2 ವರ್ಷ, ಸಿ.ಇ.ಟಿ. ಪರೀಕ್ಷೆ, ಆಮೇಲೆ ಬಿ.ಇ. 4 ವರ್ಷ. ಒಟ್ಟು 6 ವರ್ಷ.

2. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ 3 ವರ್ಷ. ಆಮೇಲೆ ಡಿ.ಸಿ.ಇ.ಟಿ. ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ 3 ವರ್ಷ. ಇದೂ ಒಟ್ಟು 6 ವರ್ಷ.

ವರ್ಷ ಎರಡಕ್ಕೂ ಒಂದೇ. ಹಾಗಾದರೆ ವ್ಯತ್ಯಾಸ ಏನು? ನಡುವೆ ದುಡ್ಡು ನಿಂತುಹೋದರೆ ಏನು ಗತಿ ಎಂಬುದೇ ವ್ಯತ್ಯಾಸ. ಸಿವಿಲ್ ಡಿಪ್ಲೊಮಾ ಮುಗಿಸಿದವರು ಕಿರಿಯ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು, ದುಡಿದು ಆಮೇಲೆ ಓದಬಹುದು. ಪಿ.ಯು.ಸಿ.ಗೂ ಒಂದು ಗುಣ ಇದೆ. ಮನಸ್ಸು ಬದಲಾದರೆ ಬಿ.ಎಸ್ಸಿ. ಮುಂತಾದ ಬೇರೆ ಓದಿಗೂ ಹೋಗಬಹುದು.

ಈಗ ಒಂದು ಲೆಕ್ಕ ಮಾಡೋಣ. (ಅಂಕಿಗಳು ನಾನೇ ಇಟ್ಟುಕೊಂಡವು.) ಒಂದು ಕಾಲೇಜಿನ ಶುಲ್ಕ ವರ್ಷಕ್ಕೆ 8,000 ರೂ., ಊರು ದೂರ, ಊಟ ವಸತಿ 40,000 ರೂ. ಇನ್ನೊಂದರ ಶುಲ್ಕ 30,000 ರೂ., ಮನೆಯಿಂದಲೇ ಹೋಗಬಹುದು, ಬಸ್ಸಿಗೆ 2,000 ರೂ. ಮೂರು ವರ್ಷಕ್ಕೆ ಮೊದಲನೆಯದು 1,44,000 ರೂ., ಎರಡನೆಯದು 96,000 ರೂ. ಶುಲ್ಕ ಕಡಿಮೆ ಆದ ಮಾತ್ರಕ್ಕೆ ಖರ್ಚು ಕಡಿಮೆ ಅಲ್ಲ! ಆದರೆ ಸಮಾಜ ಕಲ್ಯಾಣ ಇಲಾಖೆ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕಿದರೆ ಲೆಕ್ಕವೇ ತಿರುಗುತ್ತದೆ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು:

- ಅಲ್ಲಿ ಸಿವಿಲ್ ವಿಭಾಗ ಇದೆಯೇ? ಎಲ್ಲಾ ಪಾಲಿಟೆಕ್ನಿಕ್‌ನಲ್ಲೂ ಇರುವುದಿಲ್ಲ.
- ಎ.ಐ.ಸಿ.ಟಿ.ಇ. ಮಾನ್ಯತೆ ಇದೆಯೇ?
- ಪರೀಕ್ಷಾ ಶುಲ್ಕ, ಪುಸ್ತಕ, ಡ್ರಾಯಿಂಗ್ ಸಾಮಾನು ಸೇರಿ ಒಟ್ಟು ಎಷ್ಟು?
- ವಿದ್ಯಾರ್ಥಿವೇತನಕ್ಕೆ ಯಾವ ಯಾವ ಪ್ರಮಾಣಪತ್ರ ಬೇಕು?

ನಮ್ಮಂಥವರಿಗೆ ಒಂದು ಸಂತೋಷದ ವಿಷಯ. ಸಿ.ಇ.ಟಿ. ಇಂಜಿನಿಯರಿಂಗ್ ಸರ್ಕಾರಿ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಪ್ಪದೇ ಪಡೆಯಿರಿ.

ಸರ್ ಎಂ. ವಿಶ್ವೇಶ್ವರಯ್ಯನವರೂ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಅವರು 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾಲೇಜೇ ಇಂದಿನ ಯು.ವಿ.ಸಿ.ಇ. ಆದ್ದರಿಂದ ವಿದ್ಯಾರ್ಥಿವೇತನ ಕೇಳುವುದಕ್ಕೆ ನಾಚಿಕೆ ಬೇಡ.

ಹೊಸ ಗೋಡೆಗೆ ಅಪ್ಪ ದಿನಾ ನೀರು ಹೊಡೀತಾರೆ. ಅದು ಯಾಕೆ, ಕಾಂಕ್ರೀಟಿನ ಬಲವನ್ನು 28ನೇ ದಿನ ಯಾಕೆ ಪರೀಕ್ಷಿಸುತ್ತಾರೆ ಎಂಬುದನ್ನು ಡಿಪ್ಲೊಮಾದಲ್ಲಿ ಕಲಿಸುತ್ತಾರೆ. ಅಕ್ಕ ಎರಡನೇ ದಾರಿ ಆರಿಸಿದ್ದಾಳೆ. ಹೆಣ್ಣು ಹುಡುಗಿಗೆ ಯಾಕೆ ಈ ಕೆಲಸ ಅಂತ ಕೆಲವರು ಅಂದರು. "ರಸಮಟ್ಟ ಹಿಡಿಯೋಕೆ ಗಂಡು ಹೆಣ್ಣು ಅಂತ ಭೇದ ಇಲ್ಲ" ಅಂತ ಅಪ್ಪ ಉತ್ತರ ಕೊಟ್ಟರು. ಈಗ ಅವಳ ಮುಂದೆ ಇರುವುದು ಗಣಿತ, ವಿಜ್ಞಾನದ ಅಂಕ ಮಾತ್ರ. ಪಾಲಿಟೆಕ್ನಿಕ್ ಸೀಟು ಸಿಗುವುದು ಎಸ್.ಎಸ್.ಎಲ್.ಸಿ. ಅಂಕದ ಮೇಲೆ.

ನಮಗೆ ಇನ್ನೂ ಮೂರು ವರ್ಷ ಇದೆ. ಗೆಳೆಯರೇ, ಗಣಿತ ಬಿಡಬೇಡಿ.