ಹೆಸರು ಒಂದೇ, ಒಳಗಿನ ಚಿಪ್ ಬೇರೆ



ಲ್ಯಾಬಿನ ಹಳೇ ಕಂಪ್ಯೂಟರ್ ಆನ್ ಮಾಡಿ ಹಾಜರಿ ಕರೆದು ಮುಗಿಸಿದರೂ ಅದಿನ್ನೂ ಶುರುವಾಗುತ್ತಲೇ ಇರುತ್ತದೆ. “ಸರ್, ಎಸ್‌ಎಸ್‌ಡಿ ಹಾಕ್ಸಿರಿ” ಅಂತ ನಿಮ್ಮಲ್ಲೇ ಯಾರಾದರೂ ಹೇಳ್ತೀರಿ. ಸರಿಯಾದ ಮಾತೇ. ನಾರಾಯಣಪೇಟೆಯಾಗಲಿ ಮಕ್ತಲ್ ಆಗಲಿ, ನಮ್ಮ ಮನೆಗಳಲ್ಲಿ ಇಂಥದ್ದನ್ನು ಕೊಳ್ಳುವ ರೀತಿಯೂ ಒಂದೇ: “ಅಣ್ಣ ಹೋದ ವರ್ಷ ರಾಯಚೂರಿನಿಂದ ತಂದದ್ದು ಚೆನ್ನಾಗಿದೆ, ಅದೇ ಹೆಸರಿನದ್ದು ತರೋಣ.” ಆದರೆ ಹೆಸರು ಅದೇ ಆದ ಮಾತ್ರಕ್ಕೆ ವಸ್ತುವೂ ಅದೇ ಆಗಿರುತ್ತದೆಯೇ?

ಗದ್ವಾಲ ಸೀರೆ ಅಂದರೆ ಒಡಲು ಹತ್ತಿ, ಅಂಚು-ಸೆರಗು ರೇಷ್ಮೆ ಅಂತ ನಮಗೆಲ್ಲ ಗೊತ್ತು. ನೂಲು ಬದಲಾಗಿದ್ದರೆ ಅಜ್ಜಿ ಮುಟ್ಟಿದ ಕೂಡಲೇ ಹೇಳಿಬಿಡ್ತಾಳೆ. ಎಸ್‌ಎಸ್‌ಡಿಯ ಒಳಗಿನ ‘ನೂಲು’ ಬದಲಾದರೆ ಮುಟ್ಟಿ ಹೇಳಲು ಆಗುವುದಿಲ್ಲ. ಅಳೆದೇ ನೋಡಬೇಕು.

ಎಸ್‌ಎಸ್‌ಡಿಯಲ್ಲಿ ಹಾರ್ಡ್ ಡಿಸ್ಕ್‌ನಂತೆ ತಿರುಗುವ ತಟ್ಟೆ ಇಲ್ಲ. ಫ್ಲ್ಯಾಶ್ ಚಿಪ್‌ಗಳಿವೆ, ಅವುಗಳಲ್ಲಿ ಕೋಟಿಗಟ್ಟಲೆ ಕೋಶಗಳಿವೆ. (ಜೀವಕೋಶ ಅಲ್ಲ, ಜೀವಶಾಸ್ತ್ರದ ಪುಸ್ತಕ ತೆರೆಯಬೇಡಿ!) ಒಂದು ಕೋಶದಲ್ಲಿ ಎಷ್ಟು ವಿದ್ಯುದಾವೇಶ ಹಿಡಿದಿಟ್ಟಿದೆ ಎಂಬುದೇ ಅಲ್ಲಿನ ಮಾಹಿತಿ. ಕೋಶವನ್ನು ಒಂದು ಚೊಂಬು ಅಂದುಕೊಳ್ಳಿ. ತುಂಬಿದೆಯೋ, ಖಾಲಿಯೋ ಎಂಬ ಎರಡೇ ಮಟ್ಟ ಸಾಕಾದರೆ ಅದರಲ್ಲಿ 1 ಬಿಟ್ ಇಡಬಹುದು. ಇದಕ್ಕೆ ಎಸ್‌ಎಲ್‌ಸಿ ಎನ್ನುತ್ತಾರೆ. 3 ಬಿಟ್ ಇಡಬೇಕಾದರೆ 8 ಮಟ್ಟಗಳು ಬೇಕು, ಅದು ಟಿಎಲ್‌ಸಿ. 4 ಬಿಟ್‌ಗೆ 16 ಮಟ್ಟಗಳು, ಅದು ಕ್ಯೂಎಲ್‌ಸಿ. ಅದೇ ಚೊಂಬಿನಲ್ಲಿ 16 ಗೆರೆ ಹಾಕಿ, ಸರಿಯಾಗಿ 11ನೇ ಗೆರೆಗೆ ನೀರು ನಿಲ್ಲಿಸು ಅಂದರೆ ಏನು ಮಾಡ್ತೀರಿ? ಸ್ವಲ್ಪ ಸುರಿದು ನೋಡ್ತೀರಿ, ಮತ್ತೆ ಸ್ವಲ್ಪ ಸುರಿದು ನೋಡ್ತೀರಿ. ಚಿಪ್ ಮಾಡುವುದೂ ಇದನ್ನೇ. ಜಾಗ ಉಳಿಯುತ್ತದೆ, ಬೆಲೆ ಇಳಿಯುತ್ತದೆ, ಆದರೆ ಬರೆಯುವ ವೇಗ ಕುಂದುತ್ತದೆ.

ಹಾಗಾದರೆ ಅಗ್ಗದ ಎಸ್‌ಎಸ್‌ಡಿ ಕೂಡ ಮೊದಲು ಅಷ್ಟು ವೇಗವಾಗಿ ಕಾಣುವುದು ಹೇಗೆ? ಹೊಲದಿಂದ ಶೇಂಗಾ ಚೀಲಗಳು ಬಂದಾಗ ಮೊದಲು ಪಡಸಾಲೆಯಲ್ಲಿ ಇಳಿಸ್ತೀವಿ, ಬಿಡುವಾದಾಗ ಒಳಕೋಣೆಯಲ್ಲಿ ಒಟ್ಟುತ್ತೀವಿ, ಅಲ್ವಾ? ಎಸ್‌ಎಸ್‌ಡಿಯೂ ಕೆಲವು ಕೋಶಗಳನ್ನು 1 ಬಿಟ್‌ನ ರೀತಿಯಲ್ಲಿ ಬಳಸಿ, ಬಂದದ್ದನ್ನೆಲ್ಲ ಬೇಗಬೇಗ ಅಲ್ಲಿ ಇಳಿಸಿಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಎಂದು ಹೆಸರು. ಪಡಸಾಲೆ ತುಂಬಿದ ಮೇಲೂ ಬಂಡಿ ಬರ್ತಾನೇ ಇದ್ದರೆ ಮಾತ್ರ ಒಳಗಿನ ನಿಜವಾದ ವೇಗ ಹೊರಬೀಳುತ್ತದೆ.

2021ರಲ್ಲಿ ಆದದ್ದು ಇದೇ. ಡಬ್ಲ್ಯುಡಿ ಬ್ಲೂ ಎಸ್‌ಎನ್550 ಎಂಬ ಜನಪ್ರಿಯ ಎಸ್‌ಎಸ್‌ಡಿಯ ಒಳಗಿನ ಫ್ಲ್ಯಾಶ್ ಚಿಪ್ಪನ್ನು ಕಂಪನಿ ಬದಲಿಸಿತು, ಹೆಸರನ್ನು ಬದಲಿಸಲಿಲ್ಲ. ಕ್ಯಾಶ್ ತುಂಬಿದ ಮೇಲೆ ಹಳೆಯದು ಸೆಕೆಂಡಿಗೆ ಸುಮಾರು 610 ಎಂಬಿ ಬರೆಯುತ್ತಿತ್ತು, ಹೊಸದು ಸುಮಾರು 390 ಎಂಬಿ. ಲೆಕ್ಕ ಹಾಕಿ: ಕ್ಯಾಶ್ ತುಂಬಿದ ನಂತರ 100 ಜಿಬಿ, ಅಂದರೆ 1,00,000 ಎಂಬಿ ಬರೆಯಲು ಹಳೆಯದಕ್ಕೆ 164 ಸೆಕೆಂಡು, ಹೊಸದಕ್ಕೆ 256 ಸೆಕೆಂಡು. ಅದೇ ವರ್ಷ ಕ್ರೂಷಿಯಲ್ ಪಿ2 ಎಂಬುದರಲ್ಲಿ ಟಿಎಲ್‌ಸಿ ಹೋಗಿ ಕ್ಯೂಎಲ್‌ಸಿ ಬಂತು. ಪರೀಕ್ಷಿಸಿದವರಿಗೆ ಕ್ಯಾಶ್ ತುಂಬಿದ ಮೇಲೆ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 40 ಎಂಬಿ. ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ದೊಡ್ಡ ಫೈಲನ್ನು ಇದಕ್ಕಿಂತ ಬೇಗ ಬರೆಯುತ್ತದೆ! ಇದು ಹೊಸ ಸಂಗತಿಯೂ ಅಲ್ಲ. 2014ರಲ್ಲೇ ಕಿಂಗ್‌ಸ್ಟನ್ ವಿ300 ಬಗ್ಗೆ ಇಂಥದ್ದೇ ದೂರು ಎದ್ದಿತ್ತು.

ಕಂಪನಿಗಳು ಸುಳ್ಳು ಹೇಳಿದವೇ? ವೇಗದ ಅಂಕಿಯ ಜೊತೆ ‘ವರೆಗೆ’ ಎಂಬ ಪುಟ್ಟ ಪದ ಇರುತ್ತದೆ. ಪಡಸಾಲೆಯ ಮಟ್ಟಿಗೆ ಆ ಅಂಕಿ ನಿಜವೇ. ಚಿಪ್ ಪೂರೈಕೆ, ಬೆಲೆ ಬದಲಾದಾಗ ಒಳಗಿನ ಭಾಗ ಬದಲಿಸುವುದೂ ಅಪರಾಧವಲ್ಲ. ಆದರೆ ಹಳೆಯ ಹೆಸರಿಗೆ ಬಂದ ಒಳ್ಳೆಯ ಮಾತನ್ನು ಹೊಸ ಸರಕಿಗೆ ಅಂಟಿಸಿ ಮಾರುವುದು ನ್ಯಾಯವಲ್ಲ ಅಂತ ನನ್ನ ಅಭಿಪ್ರಾಯ. ಎಸ್‌ಎನ್550 ವಿಷಯ ಬಯಲಾದ ಮೇಲೆ, ಮುಂದೆ ಇಂಥ ಬದಲಾವಣೆ ಮಾಡಿದರೆ ಹೊಸ ಮಾದರಿ ಸಂಖ್ಯೆ ಕೊಡುತ್ತೇವೆ ಎಂದು ಡಬ್ಲ್ಯುಡಿ ಹೇಳಿತು.

ಇಲ್ಲಿ ನಮ್ಮ ವಿಜ್ಞಾನಕ್ಕೆ ಬೇಕಾದ ಒಂದು ಮಾತಿದೆ. ಅನ್ನ ಬೆಂದಿದೆಯೇ ಅಂತ ನೋಡಲು ಒಂದಗುಳು ಹಿಸುಕಿದರೆ ಸಾಕು. ಯಾಕೆ ಸಾಕು? ಪಾತ್ರೆ ಒಂದೇ, ಅಕ್ಕಿ ಒಂದೇ, ಬೆಂಕಿ ಒಂದೇ. ಅಣ್ಣನ ಎಸ್‌ಎಸ್‌ಡಿ ಒಂದು ಪಾತ್ರೆಯ ಅಗುಳು, ಈ ವರ್ಷ ಅಂಗಡಿಯಲ್ಲಿರುವುದು ಇನ್ನೊಂದು ಪಾತ್ರೆಯದ್ದಿರಬಹುದು.

ಹಾಗಂತ ಹೆದರಬೇಡಿ. ಕಂಪ್ಯೂಟರ್ ಶುರುವಾಗಲು, ಪಾಠದ ಫೈಲು ತೆರೆಯಲು ಕ್ಯೂಎಲ್‌ಸಿ ಎಸ್‌ಎಸ್‌ಡಿ ಕೂಡ ಹಾರ್ಡ್ ಡಿಸ್ಕ್‌ಗಿಂತ ಎಷ್ಟೋ ಮೇಲು. ವ್ಯತ್ಯಾಸ ಕಾಡುವುದು ಮದುವೆ ವಿಡಿಯೊ ಮಾಡುವವರ ಹಾಗೆ ಹತ್ತಾರು ಜಿಬಿ ಒಟ್ಟಿಗೆ ಬರೆಯುವವರಿಗೆ.

ನೀವೇ ಅಳೆಯಬಹುದು. ಶಿಕ್ಷಕರನ್ನು ಕೇಳಿ, ಸುಮಾರು 4 ಜಿಬಿಯ ಒಂದು ವಿಡಿಯೊ ಫೈಲನ್ನು ಅದೇ ಎಸ್‌ಎಸ್‌ಡಿಯೊಳಗೆ ಬಿಡುವಿಲ್ಲದೆ 10 ಸಲ ನಕಲು ಮಾಡಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪ್ರತಿ ನಕಲು ಮುಗಿದಾಗಿನ ಸೆಕೆಂಡು ಬರೆದುಕೊಳ್ಳಿ. ಅಡ್ಡಕ್ಕೆ ಕಾಲ, ಉದ್ದಕ್ಕೆ ಒಟ್ಟು ಜಿಬಿ ಇಟ್ಟು ನಕ್ಷೆ ಎಳೆಯಿರಿ. 9ನೇ ತರಗತಿಯ ದೂರ-ಕಾಲ ನಕ್ಷೆಯ ಹಾಗೇ ಇಲ್ಲೂ ಗೆರೆಯ ಇಳಿಜಾರೇ ವೇಗ. ಗೆರೆ ಒಮ್ಮೆಲೇ ಬಾಗಿದ ಕಡೆ ಬಹುಶಃ ಪಡಸಾಲೆ ತುಂಬಿದೆ. ಬಾಗಲೇ ಇಲ್ಲವೆಂದರೆ ಪಡಸಾಲೆ ದೊಡ್ಡದಿರಬಹುದು, ಇನ್ನೂ ಕೆಲವು ನಕಲು ಮಾಡಿ.

ಎರಡು ಎಸ್‌ಎಸ್‌ಡಿ ಹೋಲಿಸುವಾಗ ಕಂಪ್ಯೂಟರ್ ಒಂದೇ ಇರಲಿ, ಫೈಲು ಒಂದೇ ಇರಲಿ, ಖಾಲಿ ಜಾಗವೂ ಹೆಚ್ಚುಕಡಿಮೆ ಒಂದೇ ಇರಲಿ. ತುಂಬಿದ ಎಸ್‌ಎಸ್‌ಡಿಯಲ್ಲಿ ಪಡಸಾಲೆಯೇ ಚಿಕ್ಕದಾಗಬಹುದು. ಹೊರಗಿನಿಂದ ಜೋಡಿಸಿದ್ದರೆ ಹಳೇ ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಬೇಡಿ. ಅದರಲ್ಲಿ ಎಂಥ ಎಸ್‌ಎಸ್‌ಡಿಯೂ ಸೆಕೆಂಡಿಗೆ 40 ಎಂಬಿಯ ಹತ್ತಿರವೇ ನಿಂತುಬಿಡುತ್ತದೆ, ತಪ್ಪು ಎಸ್‌ಎಸ್‌ಡಿಯ ತಲೆಗೆ ಬರುತ್ತದೆ. ಮುಗಿದ ಮೇಲೆ ನಕಲುಗಳನ್ನು ಅಳಿಸಿ. ದಿನಾ ಮಾಡಬೇಡಿ, ಬರೆದಷ್ಟೂ ಕೋಶಗಳು ಸವೆಯುತ್ತವೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಎಸ್‌ಎಸ್‌ಡಿಯ ಫರ್ಮ್‌ವೇರ್ ಸಂಖ್ಯೆ ತೋರಿಸುತ್ತದೆ. ಆ ಸಂಖ್ಯೆ, ಕೊಂಡ ತಿಂಗಳು, ವರ್ಷ ಮೂರನ್ನೂ ನಕ್ಷೆಯ ಮೂಲೆಯಲ್ಲಿ ಬರೆದು ಲ್ಯಾಬಿನ ಫೈಲಿಗೆ ಸೇರಿಸಿ. ಮುಂದಿನ ವರ್ಷ ಅದೇ ಹೆಸರಿನದ್ದು ತಂದರೆ ನಿಮ್ಮ ತಮ್ಮ-ತಂಗಿಯರು ಪಕ್ಕದಲ್ಲಿಟ್ಟು ನೋಡುತ್ತಾರೆ.